ಮುಖ ನೋಡಿ ಮಣೆ ಹಾಕುವ ಮಾತು

1692ರ ಜೂನ್ ತಿಂಗಳ ಕೊನೆ. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ, ಎಪ್ಪತ್ತು ದಾಟಿದ ರೆಬೆಕ್ಕಾ ನರ್ಸ್ ಎಂಬ ವೃದ್ಧೆ ಮಾಟಗಾತಿ ಎಂಬ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತಿದ್ದಳು. ಜ್ಯೂರಿಯವರು ಮೊದಲು ಆಕೆ ನಿರಪರಾಧಿ ಎಂದೇ ಹೇಳಿದರು. ಆರೋಪ ಹೊರಿಸಿದ್ದ ಹುಡುಗಿಯರು ಕೂಗಿ ಗಲಾಟೆ ಎಬ್ಬಿಸಿದರು. ಆಗ ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್, ವಿಚಾರಣೆಯ ನಡುವೆ ಆಕೆ ಆಡಿದ್ದ ಒಂದು ಮಾತನ್ನು ಜ್ಯೂರಿಗೆ ನೆನಪಿಸಿದ. ತಪ್ಪೊಪ್ಪಿಕೊಂಡಿದ್ದ ಇನ್ನೊಬ್ಬ ಹೆಂಗಸನ್ನು ಸಾಕ್ಷಿ ನುಡಿಯಲು ಕರೆತಂದಾಗ, ಅವಳೂ ನಮ್ಮವಳೇ ಎಂಬರ್ಥದ ಮಾತು ರೆಬೆಕ್ಕಾಳ ಬಾಯಿಂದ ಬಂದಿತ್ತು. ನಮ್ಮವಳು ಅಂದರೆ ನಮ್ಮ ಜೊತೆಗಿದ್ದ ಸೆರೆಯಾಳೋ, ನಮ್ಮ ಹಾಗೆ ಮಾಟಗಾತಿಯೋ? ಜ್ಯೂರಿಯ ಮುಖ್ಯಸ್ಥ ಕೇಳಿಯೇ ಕೇಳಿದ. ರೆಬೆಕ್ಕಾ ಉತ್ತರ ಕೊಡಲಿಲ್ಲ. ತನಗೆ ಕಿವಿ ಮಂದ, ದುಃಖದಲ್ಲಿ ಮುಳುಗಿದ್ದೆ, ಪ್ರಶ್ನೆ ಕೇಳಿಸಲೇ ಇಲ್ಲ, ಸೆರೆಯಾಳು ಎಂಬ ಅರ್ಥದಲ್ಲಷ್ಟೇ ಹಾಗೆಂದೆ ಎಂದು ಆಕೆ ಆಮೇಲೆ ಬರೆದುಕೊಟ್ಟಳು. ಅಷ್ಟರಲ್ಲಿ ಹೊತ್ತು ಮೀರಿತ್ತು. ಮೌನಂ ಸಮ್ಮತಿ ಲಕ್ಷಣಂ ಎಂದು ನಾವು ಹಗುರವಾಗಿ ಅಂದುಬಿಡುತ್ತೇವಲ್ಲ, ಅಲ್ಲಿ ಆ ನ್ಯಾಯಕ್ಕೆ ಒಂದು ಜೀವ ಹೋಯಿತು. ತೀರ್ಪು ಮಗುಚಿತು, ಜುಲೈ 19ರಂದು ಆಕೆಯನ್ನು ನೇಣಿಗೇರಿಸಿದರು.

ಸೇಲಂ ಪ್ರಕರಣದಲ್ಲಿ ಒಟ್ಟು ಹತ್ತೊಂಬತ್ತು ಮಂದಿಯನ್ನು ನೇಣಿಗೇರಿಸಲಾಯಿತು. ಜೈಲ್ಸ್ ಕೋರಿ ಎಂಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಕನಿಷ್ಠ ಐವರು ಸೆರೆಮನೆಯಲ್ಲೇ ಸತ್ತರು. ಇಷ್ಟಕ್ಕೂ ಬೇರಾವ ಸಾಕ್ಷ್ಯವಿತ್ತು? ರಕ್ತವಿಲ್ಲ, ಆಯುಧವಿಲ್ಲ, ಕಳುವಾದ ಮಾಲಿಲ್ಲ. ಇದ್ದದ್ದು ಬಹುಪಾಲು ಮಾತು: ಯಾರು ಏನೆಂದರು, ಯಾರು ಏನು ಗೊಣಗಿದರು, ಯಾರು ಕೇಳಿದ್ದಕ್ಕೆ ಸುಮ್ಮನಾದರು. 1952ರಲ್ಲಿ ನಾಟಕಕಾರ ಆರ್ಥರ್ ಮಿಲ್ಲರ್ ಸೇಲಂಗೆ ಹೋಗಿ ಆ ಹಳೆಯ ವಿಚಾರಣೆಯ ಕಡತಗಳನ್ನು ಕೂತು ಓದಿದರು. ಮರುವರ್ಷ, 1953ರ ಜನವರಿ 22ರಂದು, ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅವರ ‘ದಿ ಕ್ರೂಸಿಬಲ್’ ನಾಟಕ ರಂಗಕ್ಕೆ ಬಂತು. ಕ್ರೂಸಿಬಲ್ ಎಂದರೆ ನಮ್ಮ ಅಕ್ಕಸಾಲಿಗರ ಮೂಸೆ. ಚಿನ್ನವನ್ನೂ ಅದರೊಳಗಿನ ಕಲಬೆರಕೆಯನ್ನೂ ಬೆಂಕಿಯಲ್ಲಿ ಬೇರೆ ಮಾಡುವ ಪಾತ್ರೆ. ಈ ಮೂಸೆಯ ಬೆಂಕಿ ಯಾವುದು ಎಂದರೆ ಸಾಮಾನ್ಯವಾಗಿ ಹಿಂಸೆ, ಭೀತಿ, ಸಮೂಹಸನ್ನಿ ಎಂಬ ಉತ್ತರ ಬರುತ್ತದೆ. ನನಗೆ ಕಾಣುವುದು ಅದಕ್ಕಿಂತ ಸಣ್ಣ ಸಂಗತಿ: ಪ್ರಶ್ನೆ. ನಾಟಕದ ಉದ್ದಕ್ಕೂ ಯಾರೋ ಯಾರಿಗೋ ಏನನ್ನೋ ಕೇಳುತ್ತಲೇ ಇರುತ್ತಾರೆ. ದೇವರಲ್ಲಿ ತಮಗಿರುವ ಭಕ್ತಿಯ ಮಾತನ್ನು ಇಲ್ಲಿ ಎಲ್ಲರೂ ಆಡುತ್ತಾರೆ. ಆದ್ದರಿಂದ ಮಾತಿನ ಹುರುಳು ನೋಡಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ತೀರ್ಮಾನಿಸಲು ಹೋದರೆ ನಾವೂ ಆ ನ್ಯಾಯಾಧೀಶರ ಸಾಲಿಗೇ ಸೇರುತ್ತೇವೆ. ಮಿಲ್ಲರ್ ಪ್ರೇಕ್ಷಕರ ಕೈಗೆ ಬೇರೊಂದು ಅಳತೆಗೋಲು ಕೊಟ್ಟಿದ್ದಾರೆ. ಕೇಳುವವರು ಬದಲಾದಾಗ ಈ ಪಾತ್ರದ ಮಾತು ಬದಲಾಗುತ್ತದೆಯೇ? ಮುಖ ನೋಡಿ ಮಣೆ ಹಾಕುವವರು ಯಾರು, ಎಲ್ಲರಿಗೂ ಒಂದೇ ಮಣೆ ಹಾಕುವವರು ಯಾರು?

ಅಬಿಗೈಲ್ ವಿಲಿಯಮ್ಸ್‌ಳನ್ನು ನೋಡಿ. ಮೊದಲ ಅಂಕ ಇಡೀ ನಡೆಯುವುದು ಪಾದ್ರಿ ಪ್ಯಾರಿಸ್‌ನ ಮನೆಯ ಒಂದು ಮಲಗುವ ಕೋಣೆಯಲ್ಲಿ. ಹಾಸಿಗೆಯ ಮೇಲೆ ಅವನ ಮಗಳು ಬೆಟ್ಟಿ ಜ್ಞಾನವಿಲ್ಲದವಳಂತೆ ಬಿದ್ದಿದ್ದಾಳೆ. ಜನ ಬರುತ್ತಾರೆ, ಹೋಗುತ್ತಾರೆ. ಕೋಣೆ ಅದೇ, ಹುಡುಗಿ ಅವಳೇ, ನಾಲಿಗೆ ಮಾತ್ರ ಬೇರೆ ಬೇರೆ. ಮಾವನೆದುರು ಅವಳು ತಲೆ ತಗ್ಗಿಸಿ, ಕಾಡಿನಲ್ಲಿ ಬರೀ ಕುಣಿದೆವು ಎನ್ನುವ ತಬ್ಬಲಿ. ಮಾವ ಹೊರಟದ್ದೇ ತಡ, ಗೆಳತಿಯರೆದುರು ಅವಳ ದನಿ ಗಟ್ಟಿಯಾಗುತ್ತದೆ: ಯಾರಾದರೂ ಬಾಯಿ ಬಿಟ್ಟರೆ ನಡುರಾತ್ರಿ ಬಂದು ಗತಿ ಕಾಣಿಸುತ್ತೇನೆ ಎನ್ನುತ್ತಾಳೆ. ತನ್ನ ತಂದೆತಾಯಿಯ ತಲೆಗಳನ್ನು ಮಗ್ಗುಲ ದಿಂಬಿನ ಮೇಲೇ ಜಜ್ಜಿದ್ದನ್ನು ಕಣ್ಣಾರೆ ಕಂಡವಳು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾಳೆ. ಅವಳು ಮೊದಲು ಕೆಲಸಕ್ಕಿದ್ದ ಮನೆಯ ಯಜಮಾನ ಜಾನ್ ಪ್ರಾಕ್ಟರ್ ಒಳಗೆ ಬಂದ, ಹುಡುಗಿಯರು ಸರಿದರು. ಈಗ ಅದೇ ಗಂಟಲಿನಿಂದ ಬಿಸಿಯುಸಿರಿನ, ಪಿಸುಮಾತಿನ, ಮೈ ನೆನಪುಗಳ ಮಾತು. ಮೂರನೇ ಅಂಕದಲ್ಲಿ ನ್ಯಾಯಾಧೀಶ ಡ್ಯಾನ್‌ಫೋರ್ತ್ ಎದುರು ನಿಂತಾಗ ನಾಲ್ಕನೆಯ ದನಿ ಹೊರಡುತ್ತದೆ. ದೇವರ ಕೆಲಸ ಮಾಡಿದವಳನ್ನೇ ಅನುಮಾನಿಸುತ್ತೀರಾ ಎಂದು ನೊಂದವಳ ದನಿ. ಇವುಗಳಲ್ಲಿ ಅವಳ ನಿಜವಾದ ದನಿ ಯಾವುದು? ಗೆಳತಿಯರನ್ನು ಹೆದರಿಸಿದ್ದೇ ಅಸಲಿ, ಉಳಿದದ್ದೆಲ್ಲ ವೇಷ ಎಂದುಬಿಡುವುದು ಸುಲಭ. ಆದರೆ ಪ್ರಾಕ್ಟರ್‌ನನ್ನು ಬೇಡುವಾಗ ಅವಳು ನಟಿಸುತ್ತಿದ್ದಾಳೆ ಎಂದು ನನಗನ್ನಿಸುವುದಿಲ್ಲ. ನಾಲ್ಕೂ ಅವಳದೇ. ಎದುರಿರುವವರ ದೌರ್ಬಲ್ಯ ಎಲ್ಲಿದೆಯೋ ಅವಳ ಮಾತು ಆ ಆಕಾರ ತಳೆಯುತ್ತದೆ, ನೀರು ಪಾತ್ರೆಯ ಆಕಾರ ತಳೆಯುವಂತೆ. ಅವಳು ಎಂಥವಳು ಎಂದು ನಾಟಕದಲ್ಲಿ ಯಾರೂ ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ಆಕ್ಷೇಪಣೆ ಬರುವುದು ಸಹಜ. ವಿವರಿಸಿ ಹೇಳಬೇಕಾಗಿಲ್ಲ ಎನ್ನುತ್ತೀರಿ, ಮಿಲ್ಲರ್ ಹೇಳಿಯೇ ಇದ್ದಾರಲ್ಲ? ಅಚ್ಚಾದ ನಾಟಕದ ಮೊದಲ ಅಂಕದಲ್ಲಿ ಸಂಭಾಷಣೆಯನ್ನು ನಿಲ್ಲಿಸಿ ಪುಟಗಟ್ಟಲೆ ಗದ್ಯ ಬರೆದಿದ್ದಾರೆ. ಪ್ಯಾರಿಸ್ ಎಂಥವನು, ಊರಿನ ಸಿರಿವಂತ ಪುಟ್ನಮ್‌ಗೆ ಯಾವ ಜಮೀನಿನ ಮೇಲೆ ಕಣ್ಣು, ಪ್ರಾಕ್ಟರ್‌ನ ಮನಸ್ಸಿನಲ್ಲಿ ಯಾವ ಕೊರಗು, ಎಲ್ಲವೂ ಅಲ್ಲಿದೆ. ನಿಜ. ಆದರೆ ಟಿಕೆಟ್ ಕೊಂಡು ಕತ್ತಲಲ್ಲಿ ಕೂತವರಿಗೆ ಸಾಮಾನ್ಯವಾಗಿ ಆ ಪುಟಗಳಲ್ಲಿ ಒಂದು ಸಾಲೂ ಕೇಳಿಸುವುದಿಲ್ಲ. ಅವು ಓದುಗನ ಪಾಲಿನ ಬೋನಸ್ಸು. ಅಲ್ಲದೆ ಆ ಟಿಪ್ಪಣಿಗಳು ಹೇಳುವುದಕ್ಕಿಂತ ಸೂಕ್ಷ್ಮವಾದುದನ್ನು ಸಂಭಾಷಣೆ ಹೇಳುತ್ತದೆ. ಪ್ಯಾರಿಸ್ ಸ್ವಾರ್ಥಿ ಎನ್ನುವುದು ಒಂದು ಹಣೆಪಟ್ಟಿ, ಅಷ್ಟೇ. ಮಗಳು ಕಣ್ಣು ಬಿಡದೆ ಮಲಗಿರುವಾಗ ಅವನು ಸೋದರ ಸೊಸೆಗೆ ಹಾಕುವ ಪ್ರಶ್ನೆಗಳು ಮಗುವಿನ ಸ್ಥಿತಿಯಿಂದ ತನ್ನ ಪೀಠಕ್ಕೆ, ತನ್ನ ವೈರಿಗಳಿಗೆ, ಊರಿನಲ್ಲಿ ತನಗಿರುವ ಹೆಸರಿಗೆ ಸರಿಯುತ್ತಾ ಹೋಗುವುದನ್ನು ಕೇಳಿಸಿಕೊಳ್ಳಿ. ಹಣೆಪಟ್ಟಿ ಅಂಟಿಸುವ ಕೆಲಸ ನಮ್ಮದಾಗುತ್ತದೆ. ಹಾಗೆ ಆಗುವುದಕ್ಕೇ ನಾಟಕ ಎಂದು ಹೆಸರು.

ಎರಡನೇ ಅಂಕದ ಆರಂಭ, ನನ್ನ ಲೆಕ್ಕದಲ್ಲಿ, ಇಡೀ ನಾಟಕದ ಅತ್ಯುತ್ತಮ ಭಾಗ. ಕಟಕಟೆ ಇಲ್ಲ, ಕಿರಿಚಾಟವಿಲ್ಲ. ಗಂಡ ಹೊಲದಿಂದ ಮನೆಗೆ ಬರುತ್ತಾನೆ. ಹೆಂಡತಿ ಮೇಲಿನ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುತ್ತಿದ್ದಾಳೆ. ಒಲೆಯ ಮೇಲೆ ಮೊಲದ ಮಾಂಸದ ಸಾರು ಕುದಿಯುತ್ತಿದೆ. ಪ್ರಾಕ್ಟರ್ ಸೌಟಿನಲ್ಲಿ ರುಚಿ ನೋಡುತ್ತಾನೆ, ಹಿಡಿಸುವುದಿಲ್ಲ. ಚಿಟಿಕೆ ಉಪ್ಪು ಹಾಕಿ ತಿರುವಿ ಇಡುತ್ತಾನೆ. ಎಲಿಜಬೆತ್ ಕೆಳಗಿಳಿದು ಬಡಿಸುತ್ತಾಳೆ. ಆಗ ಅವನು ಉಪ್ಪುಖಾರ ಹದವಾಗಿ ಬಿದ್ದಿದೆ ಎಂದು ಹೊಗಳುತ್ತಾನೆ. ಅವಳ ಮುಖ ಖುಷಿಯಿಂದ ಕೆಂಪಾಗುತ್ತದೆ. ಎಚ್ಚರ ವಹಿಸಿ ಮಾಡಿದೆ ಎನ್ನುತ್ತಾಳೆ. ಅಷ್ಟೇ ಮಾತು. ಆದರೆ ಉಪ್ಪು ಹಾಕಿದ್ದನ್ನು ನಾವು ನೋಡಿದ್ದೇವೆ, ಅವಳು ನೋಡಿಲ್ಲ. ಗಂಡನ ಹೊಗಳಿಕೆ ಸುಳ್ಳು, ಆದರೆ ಅದು ಅವಳನ್ನು ನೋಯಿಸಬಾರದೆಂಬ ಸುಳ್ಳು. ಅವಳ ಸಂತೋಷ ನಿಜ, ಆದರೆ ಸುಳ್ಳಿನ ಮೇಲೆ ನಿಂತಿದೆ. ಏಳು ತಿಂಗಳ ಹಿಂದೆ ಅಬಿಗೈಲ್‌ಳನ್ನು ಮನೆಗೆಲಸದಿಂದ ಬಿಡಿಸಿ ಕಳಿಸಿದಾಗಿನಿಂದ ಈ ದಾಂಪತ್ಯ ನಡೆಯುತ್ತಿರುವ ಬಗೆಯೇ ಇದು: ಬೆಳೆ, ಮಳೆ, ಹಸು ಎಂದು ತೂಕ ಮಾಡಿ ಆಡುವ ತುಂಡು ತುಂಡು ಮಾತು. ಮೆಚ್ಚಿಸಲು ನೋಡುವ ಗಂಡ, ಹೌದು ಹೌದು ಎನ್ನುತ್ತಲೇ ಅಳೆಯುವ ಹೆಂಡತಿ.

ಆಮೇಲೆ ಒಂದು ಮಾತು ಕೈಜಾರುತ್ತದೆ. ಕಾಡಿನಲ್ಲಿ ನಡೆದದ್ದು ಮಾಟವಲ್ಲ ಎಂದು ಅಬಿಗೈಲ್ ತನ್ನ ಬಳಿ ಹೇಳಿದ್ದನ್ನು ನ್ಯಾಯಾಲಯಕ್ಕೆ ತಿಳಿಸಲು ಪ್ರಾಕ್ಟರ್ ಹಿಂಜರಿಯುತ್ತಾನೆ. ಏಕೆ? ಅದಕ್ಕೆ ಸಾಕ್ಷಿ ಇಲ್ಲ, ಅವಳು ಹೇಳುವಾಗ ಕೋಣೆಯಲ್ಲಿ ಇದ್ದದ್ದು ತಾವಿಬ್ಬರೇ. ಇಬ್ಬರೇ ಇದ್ದಿರಾ, ಎಂದು ಎಲಿಜಬೆತ್ ಕೇಳುತ್ತಾಳೆ. ಒಂದು ಗಳಿಗೆ ಎಂದು ಅವನು ಒಪ್ಪುತ್ತಾನೆ. ಹಾಗಾದರೆ ಮೊದಲು ಹೇಳಿದ್ದು ಬೇರೆ ಎನ್ನುತ್ತಾಳೆ ಅವಳು. ನುರಿತ ವಕೀಲನ ಪಾಟೀಸವಾಲಿಗಿಂತ ಹರಿತವಾದ ಈ ಎರಡು ಮಾತುಗಳಲ್ಲಿ ಇಬ್ಬರೂ ಬಯಲಾಗುತ್ತಾರೆ. ಅವನು ಹೆಂಡತಿಗೊಂದು, ಊರಿಗೊಂದು, ತನಗೊಂದು ಎಂದು ಮಾತನ್ನು ಪಾಲು ಮಾಡಿಟ್ಟಿದ್ದಾನೆ. ಅವಳು ಆ ಪಾಲುಗಳನ್ನು ಕೂಡಿಸಿ ನೋಡದೆ ಬಿಡುವವಳಲ್ಲ. ಮನೆಗೆ ಬಂದರೂ ಕೋರ್ಟಿಗೆ ಬಂದಂತಾಗುತ್ತದೆ ಎಂದು ಅವನು ಸಿಡುಕುವುದು ಅದಕ್ಕೇ. ಸ್ವಲ್ಪ ಹೊತ್ತಿನಲ್ಲಿ, ಮಾಟದ ಶೋಧಕ್ಕೆಂದು ಊರಿಗೆ ಕರೆಸಿದ್ದ ಪಾದ್ರಿ ಹೇಲ್ ಬಂದು ಹತ್ತು ಆಜ್ಞೆಗಳನ್ನು ಹೇಳು ಎಂದಾಗ ಪ್ರಾಕ್ಟರ್ ಬೆರಳೆಣಿಸುತ್ತಾ ಒಂಬತ್ತಕ್ಕೆ ನಿಲ್ಲುತ್ತಾನೆ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಲೆಕ್ಕ ತುಂಬಿಸಲೂ ನೋಡುತ್ತಾನೆ. ಬಿಟ್ಟುಹೋದದ್ದು ವ್ಯಭಿಚಾರ ಮಾಡಬಾರದೆಂಬ ಆಜ್ಞೆ. ಅದನ್ನು ಎಲಿಜಬೆತ್ ಮೆಲ್ಲಗೆ, ಬಹಳ ಮೆಲ್ಲಗೆ ನೆನಪಿಸುತ್ತಾಳೆ. ಹೇಲ್‌ನ ಕಿವಿಗೆ ಅದು ಮರೆತವನಿಗೆ ಹೆಂಡತಿ ಮಾಡಿದ ಸಹಾಯ. ಗಂಡನ ಎದೆಗೆ ಈಟಿ. ಒಂದೇ ಪದ, ಇಬ್ಬರು ಕೇಳುಗರು. ಸ್ವಲ್ಪ ಹೆಚ್ಚೇ ಜೋಡಿಸಿಟ್ಟಂತಿದೆ ಎಂದು ಕೆಲವರಿಗೆ ಅನ್ನಿಸಬಹುದು, ನನಗೂ ಓದುವಾಗ ಒಮ್ಮೊಮ್ಮೆ ಅನ್ನಿಸುತ್ತದೆ. ಆ ಬೆರಳೆಣಿಕೆಯನ್ನು ಕಣ್ಣಿಗೆ ತಂದುಕೊಂಡಾಗ ಮಾತ್ರ ಅನ್ನಿಸುವುದಿಲ್ಲ.

ಎಲ್ಲರಿಗೂ ಒಂದೇ ಮಣೆ ಹಾಕುವವಳು ಎಲಿಜಬೆತ್. ಮಾಟಗಾತಿಯರು ಇದ್ದಾರೆಂದು ನಂಬುತ್ತೀಯಾ ಎಂದು ಹೇಲ್ ಕೇಳಿದಾಗ, ನನ್ನನ್ನೇ ಮಾಟಗಾತಿ ಎನ್ನುವುದಾದರೆ ಅಂಥವರು ಇಲ್ಲವೇ ಇಲ್ಲ ಎಂಬರ್ಥದಲ್ಲಿ ಪಾದ್ರಿಯ ಮುಖಕ್ಕೇ ಹೇಳಿಬಿಡುತ್ತಾಳೆ. ಅವಳು ಜನ್ಮದಲ್ಲಿ ಸುಳ್ಳಾಡುವವಳಲ್ಲ ಎಂದು ಪ್ರಾಕ್ಟರ್ ನ್ಯಾಯಾಲಯದಲ್ಲಿ ಪ್ರಮಾಣ ಮಾಡುವುದೂ ಅದಕ್ಕೇ. ಅಬಿಗೈಲ್ ನಂಬಿಕೆಗೆ ಅರ್ಹಳಲ್ಲ ಎಂದು ತೋರಿಸಲು, ತಾನು ಅವಳ ಜೊತೆ ಹಾದರ ಮಾಡಿದೆ ಎಂದು ಅವನು ಎಲ್ಲರೆದುರು ಒಪ್ಪಿಕೊಂಡಾಗಿದೆ. ಈಗ ಹೆಂಡತಿಯನ್ನು ಕರೆಸಿ ಕೇಳುತ್ತಾರೆ. ಗಂಡನ ಮುಖವನ್ನೂ ಅಬಿಗೈಲ್‌ಳ ಮುಖವನ್ನೂ ನೋಡದಂತೆ ನಿಲ್ಲಿಸಿ ಡ್ಯಾನ್‌ಫೋರ್ತ್ ಒಂದೊಂದೇ ಪ್ರಶ್ನೆ ಹಾಕುತ್ತಾನೆ. ಯಾವಾಗಲೂ ನೆಟ್ಟಗೆ ಮಾತಾಡುತ್ತಿದ್ದವಳು ಇಲ್ಲಿ ಮೊದಲ ಸಲ ತಡವರಿಸುತ್ತಾಳೆ. ತಾನು ಕಾಯಿಲೆ ಬಿದ್ದಿದ್ದೆ ಎನ್ನುತ್ತಾಳೆ, ಗಂಡ ಒಳ್ಳೆಯವನು ಎನ್ನುತ್ತಾಳೆ, ವಾಕ್ಯ ಮುಗಿಸದೆ ಬಿಡುತ್ತಾಳೆ. ಕೊನೆಗೆ ನೇರ ಪ್ರಶ್ನೆಗೆ, ಕೇಳಿಸಿಯೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಇಲ್ಲ ಎನ್ನುತ್ತಾಳೆ. ಬದುಕಿನಲ್ಲಿ ಒಮ್ಮೆ ಅವಳು ಮುಖ ನೋಡಿ ಮಾತಾಡಿದಳು, ಅದೂ ನೋಡಲು ಬಿಡದ ಮುಖ. ಆ ಸುಳ್ಳಿನಿಂದಲೇ ಗಂಡನ ಸತ್ಯ ಸುಳ್ಳಾಯಿತು. ಅವಳು ಅವನನ್ನು ಎಷ್ಟು ಪ್ರೀತಿಸುತ್ತಿದ್ದಳು ಎಂಬುದು ನಾಟಕದಲ್ಲಿ ಅಲ್ಲಿಯ ತನಕ ನಮಗೆ ಗೊತ್ತಿರಲಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ನನ್ನ ಅಳತೆಗೋಲಿಗೆ ಅತಿ ಗಟ್ಟಿಯಾದ ಪ್ರತಿವಾದ ಡ್ಯಾನ್‌ಫೋರ್ತ್‌ನೇ. ಮಾತು ಬದಲಿಸದಿರುವುದೇ ಗುಣವಾದರೆ ಅವನಷ್ಟು ಗುಣವಂತ ಯಾರು? ಬಡವ ಬಲ್ಲಿದ ಎಂದು ನೋಡದೆ ಎಲ್ಲರಿಗೂ ಅವನದು ಒಂದೇ ಧಾಟಿ: ನ್ಯಾಯಾಲಯದ ಪರ ಇರಬೇಕು, ಇಲ್ಲವೇ ವಿರುದ್ಧ, ನಡುವೆ ದಾರಿಯಿಲ್ಲ. ಆದರೆ ಅವನ ಮಾತು ಅಲುಗುವ ಜಾಗವನ್ನು ಮಿಲ್ಲರ್ ಗುರುತು ಮಾಡಿಟ್ಟಿದ್ದಾರೆ. ನೀನು ಕಂಡ ಭೂತಗಳು ಬರೀ ಭ್ರಮೆಯಿರಬಹುದೇ ಎಂದು ಅವನು ಅಬಿಗೈಲ್‌ಗೆ ಕೇಳುತ್ತಾನೆ. ಅವಳು ಉತ್ತರಿಸುವುದಿಲ್ಲ, ತನ್ನನ್ನೇ ಅನುಮಾನಿಸುವುದೇ ಎಂದು ತಿರುಗಿ ಬೀಳುತ್ತಾಳೆ. ಅಷ್ಟು ಹೊತ್ತು ಗುಡುಗುತ್ತಿದ್ದವನ ದನಿ ಇಳಿದು, ಮಗು, ನಿನ್ನನ್ನು ಅನುಮಾನಿಸುತ್ತಿಲ್ಲ ಎಂಬಂತೆ ಮೆತ್ತಗಾಗುತ್ತದೆ. ನರಕದ ಶಕ್ತಿ ನಿಮ್ಮ ಬುದ್ಧಿಯನ್ನೂ ತಿರುಗಿಸೀತು ಎಂದು ಅವಳು ನೇರವಾಗಿ ಬೆದರಿಸುವುದು ಅದರ ಮೇಲೆ. ಸಜ್ಜನರ ಅಹವಾಲಿಗೆ ಅಲುಗದವನು ಅವಳ ಅಬ್ಬರಕ್ಕೆ ಅಲುಗಿದ. ನಾಲ್ಕನೇ ಅಂಕದಲ್ಲಿ ಅವನ ಸ್ಥಿರತೆಯ ಬೇರು ಇನ್ನೂ ನಿಚ್ಚಳ: ಹನ್ನೆರಡು ಮಂದಿಯನ್ನು ಆಗಲೇ ನೇಣಿಗೇರಿಸಿಯಾಗಿದೆ, ಈಗ ಉಳಿದವರನ್ನು ಬಿಟ್ಟರೆ ಸತ್ತವರ ಲೆಕ್ಕಕ್ಕೆ ಉತ್ತರ ಕೊಡುವವರು ಯಾರು? ಕಿವಿಯಿಲ್ಲದ ಕಲ್ಲೂ ಮಾತು ಬದಲಿಸುವುದಿಲ್ಲ.

ಪ್ಯಾರಿಸ್‌ನ ಮನೆಯ ಗುಲಾಮಳು ಟಿಟುಬಾ ಇದೇ ಅಳತೆಗೋಲಿಗೆ ಇನ್ನೊಂದು ತಿದ್ದುಪಡಿ ಬೇಡುತ್ತಾಳೆ. ಮೊದಲ ಅಂಕದ ಕೊನೆಗೆ ಅವಳು ಕೆಲವೇ ನಿಮಿಷಗಳಲ್ಲಿ ಇಲ್ಲ ಎನ್ನುವುದರಿಂದ ಹೌದು ಎನ್ನುವುದಕ್ಕೆ ಹೊರಳುತ್ತಾಳೆ. ನಡುವೆ ಆದದ್ದೇನೆಂದರೆ ಚಾಟಿಯ ಮಾತು, ನೇಣಿನ ಮಾತು. ಸೈತಾನನ ಜೊತೆ ಯಾರನ್ನು ಕಂಡೆ ಎಂದು ಕೇಳಿದವರೇ ಸಾರಾ ಗುಡ್‌ಳನ್ನೋ, ಆಸ್‌ಬರ್ನ್‌ಳನ್ನೋ ಎಂದು ಹೆಸರನ್ನೂ ಬಾಯಿಗಿಡುತ್ತಾರೆ. ಅವಳು ಆ ಹೆಸರುಗಳನ್ನೇ ತಿರುಗಿ ಒಪ್ಪಿಸುತ್ತಾಳೆ. ಇದು ಅಬಿಗೈಲ್‌ಳ ಹೊರಳಾಟವಲ್ಲ. ಲಾಭಕ್ಕೆ ಬದಲಾಗುವ ಮಾತು ಬೇರೆ, ಚಾಟಿಗೆ ಬದಲಾಗುವ ಮಾತು ಬೇರೆ. ಆದರೂ ಆ ಬಲವಂತದ ಒಪ್ಪಿಗೆಯೊಳಗೆ ಟಿಟುಬಾ ಏನು ಮಾಡುತ್ತಾಳೆ ನೋಡಿ: ಪ್ಯಾರಿಸ್ ಕೆಟ್ಟವನು, ಅವನನ್ನು ಕೊಲ್ಲು ಎಂದು ಸೈತಾನ ತನಗೆ ಎಷ್ಟೋ ಸಲ ಹೇಳಿದ ಎನ್ನುತ್ತಾಳೆ. ಯಜಮಾನ ಎದುರಿಗೇ ನಿಂತಿದ್ದಾನೆ. ಅಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಗುಲಾಮಳೊಬ್ಬಳು ಯಜಮಾನನ ಮುಖಕ್ಕೆ ಹೇಳಬೇಕಾದರೆ ಸೈತಾನನ ಬಾಯಿ ಎರವಲು ತರಬೇಕಾಯಿತು. ಊರಿನವರು ಅದನ್ನು ತಪ್ಪೊಪ್ಪಿಗೆ ಎಂದು ಕೇಳಿಸಿಕೊಂಡರು.

ಪ್ರಾಕ್ಟರ್ ಮನೆಯ ಕೆಲಸದ ಹುಡುಗಿ ಮೇರಿ ವಾರೆನ್‌ಗೆ ಸ್ವಂತ ಮಾತೇ ಇಲ್ಲ. ಕೋರ್ಟಿನಿಂದ ಬಂದ ರಾತ್ರಿ ಅವಳು ದೊಡ್ಡವರ ಪದಗಳನ್ನು ತೊಟ್ಟುಕೊಂಡು ಬೀಗುತ್ತಾಳೆ. ಪ್ರಾಕ್ಟರ್ ಕೈಯೆತ್ತಿದರೆ ಮತ್ತೆ ಮಗುವಾಗುತ್ತಾಳೆ. ನ್ಯಾಯಾಲಯದಲ್ಲಿ ಸತ್ಯ ಹೇಳಲು ನಿಂತಾಗ ಹುಡುಗಿಯರು ಅವಳ ಒಂದೊಂದು ಮಾತನ್ನೂ ಅವಳ ಮುಂದೆಯೇ ಒಕ್ಕೊರಲಿನಿಂದ ತಿರುಗಿ ಹೇಳುತ್ತಾರೆ. ಬೇಡ ಎಂದರೆ ಬೇಡ, ನಿಲ್ಲಿಸಿ ಎಂದರೆ ನಿಲ್ಲಿಸಿ. ಅವಳಿಗೆ ತನ್ನ ದನಿಯೇ ಪರರ ಬಾಯಿಂದ ಕೇಳಿಸುತ್ತದೆ. ಬಾಯಿ ಮುಚ್ಚಿಸುವುದಕ್ಕೆ ಇದಕ್ಕಿಂತ ಕ್ರೂರವಾದ ಉಪಾಯ ನನಗೆ ತಿಳಿದ ನಾಟಕಗಳಲ್ಲಿಲ್ಲ. ಹೇಲ್‌ನದು ಇದರ ತಿರುಗುಮುರುಗು. ಮೊದಲಿಗೆ ಭಾರದ ಪುಸ್ತಕಗಳನ್ನು ಹೊತ್ತು, ಅವುಗಳ ಭಾಷೆಯಲ್ಲೇ ಮಾತಾಡುತ್ತಾ ಬಂದವನು ಕೇಳಿಸಿಕೊಳ್ಳುವುದನ್ನು ಕಲಿತು ತನ್ನ ಮಾತು ಕಳೆದುಕೊಳ್ಳುತ್ತಾನೆ.

ಇದು ಪಾತ್ರಗಳ ನಾಟಕವೇ ಅಲ್ಲ, ಕಮ್ಯುನಿಸ್ಟರ ಬೇಟೆಯಾಡುತ್ತಿದ್ದ 1950ರ ದಶಕದ ಅಮೆರಿಕದ ಬಗ್ಗೆ ಬರೆದ ರೂಪಕ, ಎಲ್ಲರೂ ಆಡುವುದು ಮಿಲ್ಲರ್‌ರ ಮಾತು ಎಂಬ ವಾದವೂ ಹಳೆಯದು. ಹದಿನೇಳನೇ ಶತಮಾನದ ಕಡತಗಳ ಇಂಗ್ಲಿಷನ್ನು ಹದಗೊಳಿಸಿ ಮಿಲ್ಲರ್ ಒಂದು ಭಾಷೆ ಕಟ್ಟಿದರು, ಅದು ಎಲ್ಲ ಪಾತ್ರಗಳಿಗೂ ಸಮನಾಗಿ ಹಂಚಿಕೆಯಾಗಿದೆ, ನಿಜ. ಆದರೆ ಭಾಷೆ ಒಂದೇ ಆದಾಗಲೇ ಅದನ್ನು ಯಾರು ಹೇಗೆ ಬಳಸುತ್ತಾರೆ ಎಂಬುದು ಎದ್ದು ಕಾಣುವುದು. ಕನ್ನಡಕ್ಕೆ ತರಲು ಕೂತವರಿಗೆ ಇದು ತಕ್ಷಣ ಅರಿವಾಗುತ್ತದೆ. ಇಂಗ್ಲಿಷಿನ ಒಂದೇ ‘ಯೂ’ಗೆ ಇಲ್ಲಿ ನೀನು, ನೀವು ಎಂದು ಸಾಲು ಸಾಲಿಗೂ ಆರಿಸಬೇಕು. ಡ್ಯಾನ್‌ಫೋರ್ತ್ ಪ್ರಾಕ್ಟರ್‌ನನ್ನು ಎಲ್ಲಿ ಏಕವಚನಕ್ಕೆ ಇಳಿಸುತ್ತಾನೆ? ಎಲಿಜಬೆತ್ ಗಂಡನಿಗೆ ನೀನು ಎನ್ನುತ್ತಾಳೋ, ನೀವು ಎನ್ನುತ್ತಾಳೋ? ಪ್ರತಿ ಆಯ್ಕೆಯೂ ಆ ಪಾತ್ರದ ಬಗ್ಗೆ ಕೊಟ್ಟ ಒಂದು ತೀರ್ಪು. ಬರೀ ರೂಪಕದ ಗೊಂಬೆಗಳಾಗಿದ್ದರೆ ಈ ಆಯ್ಕೆ ಕಷ್ಟವಾಗುತ್ತಿರಲಿಲ್ಲ. ಇನ್ನು ರಾಜಕೀಯದ ವಿಷಯಕ್ಕೆ ಬಂದರೆ, ನಾಟಕ ಬಂದ ಮೂರು ವರ್ಷದ ಮೇಲೆ, 1956ರ ಜೂನ್‌ನಲ್ಲಿ, ಮಿಲ್ಲರ್ ತಾವೇ ಅಮೆರಿಕದ ಸಂಸತ್ತಿನ ವಿಚಾರಣಾ ಸಮಿತಿಯ ಎದುರು ಕೂರಬೇಕಾಯಿತು. ತಮ್ಮ ಬಗ್ಗೆ ಕೇಳಿದ್ದಕ್ಕೆ ಉತ್ತರಿಸಿದರು, ಬೇರೆಯವರ ಹೆಸರು ಹೇಳಲು ಒಪ್ಪಲಿಲ್ಲ. ಅದಕ್ಕಾಗಿ ಅವರು ತಪ್ಪಿತಸ್ಥರೆಂದು ತೀರ್ಪಾಗಿ, 1958ರಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಚರಿತ್ರೆಯ ಅಬಿಗೈಲ್ ಹನ್ನೊಂದು ಹನ್ನೆರಡರ ಮಗು. ಚರಿತ್ರೆಯ ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ಮಿಲ್ಲರ್ ಅವಳನ್ನು ಹದಿನೇಳಕ್ಕೆ ಏರಿಸಿ, ಅವನನ್ನು ಮೂವತ್ತರ ನಡುವಿಗೆ ಇಳಿಸಿ, ಇಬ್ಬರ ನಡುವೆ ಇಲ್ಲದ ಸಂಬಂಧವೊಂದನ್ನು ತಂದರು. ಅನುಕೂಲಸ್ಥ ಯಜಮಾನನೊಬ್ಬ ಮನೆಗೆಲಸದ ತಬ್ಬಲಿ ಹುಡುಗಿಯೊಡನೆ ನಡೆಸಿದ್ದು ಅವನ ಪಾಲಿಗೆ ಆತ್ಮಶೋಧನೆಯ ಉದ್ದುದ್ದ ಮಾತುಗಳಾಗುತ್ತದೆ, ಅವಳ ಪಾಲಿಗೆ ಬರೀ ತಂತ್ರವಾಗುತ್ತದೆ. ನಾಲ್ಕನೇ ಅಂಕದ ಹೊತ್ತಿಗೆ ಅವಳು ಮಾವನ ಹಣ ಕದ್ದು ಓಡಿಹೋದ ಸುದ್ದಿಯಷ್ಟೇ; ಅವಳಿಗೆ ಅಲ್ಲಿ ಒಂದು ಸಾಲೂ ಇಲ್ಲ. ಎಲ್ಲರ ಒಳಗನ್ನೂ ತೋರುವ ಸಂಭಾಷಣೆ ಅವಳ ಒಳಗನ್ನು ಮಾತ್ರ ಅರ್ಧಕ್ಕೇ ಬಿಟ್ಟಿದೆ.

ಆ ಕೊನೆಯ ಅಂಕದಲ್ಲಿ ಮಾತು ಕಡಿಮೆಯಾಗುತ್ತಾ ಹೋಗುತ್ತದೆ. ಊರಲ್ಲಿ ಅತಿ ವಾಚಾಳಿಯಾಗಿದ್ದ, ಸಣ್ಣದಕ್ಕೂ ಕೋರ್ಟು ಹತ್ತುತ್ತಿದ್ದ ಜೈಲ್ಸ್ ಕೋರಿ, ಎದೆಯ ಮೇಲೆ ಕಲ್ಲು ಹೇರುತ್ತಿದ್ದರೂ ಇನ್ನಷ್ಟು ಭಾರ ಹಾಕಿ ಎಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ ಎಂಬ ಸುದ್ದಿ ಎಲಿಜಬೆತ್‌ಳ ಬಾಯಿಂದ ಬರುತ್ತದೆ. ಮಾಟದ ಆರೋಪದಲ್ಲಿ ತಾನೂ ನೇಣಿನ ಶಿಕ್ಷೆಗೆ ಗುರಿಯಾದ ಪ್ರಾಕ್ಟರ್ ಜೀವ ಉಳಿಸಿಕೊಳ್ಳಲು ಮಾಟವನ್ನು ಬಾಯಲ್ಲಿ ಒಪ್ಪಿಕೊಳ್ಳುತ್ತಾನೆ, ಆದರೆ ಬೇರೆಯವರ ಹೆಸರು ಹೇಳುವುದಿಲ್ಲ. ಸಹಿ ಹಾಕುತ್ತಾನೆ, ಆದರೆ ಚರ್ಚಿನ ಬಾಗಿಲಿಗೆ ಅಂಟಿಸಲೆಂದು ಅವರು ಕೈಚಾಚಿದಾಗ ಆ ಹಾಳೆಯನ್ನು ಬಿಟ್ಟುಕೊಡುವುದಿಲ್ಲ. ಕೋಣೆಯೊಳಗಿನವರಿಗೊಂದು ಮಾತು, ಊರಿಗೊಂದು ಮಾತು ಎಂಬ ಅವನ ಹಳೆಯ ಪಾಲುಪಟ್ಟಿ ಅಲ್ಲಿಗೆ ಹರಿದುಹೋಗುತ್ತದೆ. ಅವನ ಪಕ್ಕದಲ್ಲಿ ರೆಬೆಕ್ಕಾ ನರ್ಸ್. ಹನ್ನೊಂದು ಮಕ್ಕಳನ್ನು, ಇಪ್ಪತ್ತಾರು ಮೊಮ್ಮಕ್ಕಳನ್ನು ನೋಡಿದವಳು ನಾನು, ಹುಡುಗರ ಹುಚ್ಚಾಟ ತಾನೇ ಇಳಿಯುತ್ತದೆ ಎಂದು ಮೊದಲ ಅಂಕದಲ್ಲಿ ಬೆಟ್ಟಿಯ ಹಾಸಿಗೆಯ ಬಳಿ ನಿಂತು ಹೇಳಿದ್ದವಳು. ನೇಣುಗಂಬದ ಕಡೆ ನಡೆಯುವಾಗ ಆಕೆಯ ಕಾಲು ತಡವರಿಸುತ್ತದೆ, ಪ್ರಾಕ್ಟರ್ ಹಿಡಿದುಕೊಳ್ಳುತ್ತಾನೆ. ದೇವರ ಮಾತಿಲ್ಲ, ಶಾಪವಿಲ್ಲ. ಬೆಳಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ, ಎಂಬಂತೆ ಆಕೆ ಅವನಿಗೆ ಕಾರಣ ಹೇಳುತ್ತಾಳೆ.